ಕೈಗೆ ಸಿಕ್ಕ ದಾರಿ

ಯಲಹಂಕದಲ್ಲಿ ಕಟ್ಟುತ್ತಿದ್ದ ಒಂದು ಕಣ್ಣಿನ ಆಸ್ಪತ್ರೆಗೆ ದಾರಿ ತೋರಿಸುವ ಬೋರ್ಡುಗಳನ್ನು ವಿನ್ಯಾಸ ಮಾಡುವ ಕೆಲಸ ನಮ್ಮ ಸ್ಟುಡಿಯೋಗೆ ಬಂದಾಗ, ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ನಾನೇ. ಆಮೇಲೆ ವಾರಗಳು ಉರುಳಿದವು, ತಲೆಗೆ ಏನೂ ಹೊಳೆಯಲಿಲ್ಲ. ಬರೆದ ಪ್ರತಿ ಬಾಣವೂ ಯಾವುದೋ ಮೆಟ್ರೋ ಸ್ಟೇಷನ್ನಿನಲ್ಲಿ ನೋಡಿದ್ದರ ಹಾಗೆ ಕಾಣುತ್ತಿತ್ತು. ಬಣ್ಣ ಬದಲಿಸುತ್ತಿದ್ದೆ, ಅಕ್ಷರ ದಪ್ಪ ಮಾಡುತ್ತಿದ್ದೆ, ಸಂಜೆಗೆ ಎಲ್ಲ ಅಳಿಸಿಬಿಡುತ್ತಿದ್ದೆ. ಸ್ಟುಡಿಯೋ ನಡೆಸುವ ಮೇಡಂ ಬೈಯುವವರಲ್ಲ. “ಏನಾದ್ರೂ ಹೊಳೀತಾ?” ಎಂದು ಮೆತ್ತಗೆ ಕೇಳುತ್ತಿದ್ದರು, ಅಷ್ಟೇ. ಆ ಮೆತ್ತನೆಯ ಪ್ರಶ್ನೆಗೆ ಹೆದರಿ, ಅವರು ನೀರು ಹಿಡಿಯಲು ಹೋದರೆ ನಾನು ಆ ಕಡೆ ಸುಳಿಯದೆ ಬಾಯಾರಿಕೊಂಡೇ ಕೂತಿರುತ್ತಿದ್ದೆ.

ಆಗಲೇ ಅಮ್ಮ, ದೊಡ್ಡಮ್ಮನನ್ನು ಕಣ್ಣು ತೋರಿಸಲು ಕರೆದುಕೊಂಡು ಹೋಗು ಎಂದಳು. ಅಮ್ಮನ ಅಕ್ಕ ಅಲ್ಲಾಳಸಂದ್ರದವಳು. ಅವರ ರಾಗಿ ಹೊಲ ಇದ್ದ ಕಡೆ ಈಗ ಬಾಡಿಗೆ ಮನೆಗಳಿವೆ, ಆದರೂ ಅವಳ ಬಾಯಲ್ಲಿ ಅದು ಇನ್ನೂ ‘ಒಲ’ವೇ. ಬಲಗಣ್ಣಿಗೆ ಪೊರೆ ಬಂದಿತ್ತು. ನಾನು ಒಪ್ಪಿಕೊಂಡೆ. ಆಸ್ಪತ್ರೆಯೊಳಗೆ ಅರ್ಧ ದಿನ ಕೂತರೆ ಏನಾದರೂ ಸಿಕ್ಕೀತು ಎಂಬ ಸ್ವಾರ್ಥವೂ ಇತ್ತು.

ಹೆಬ್ಬಾಳದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ದೊಡ್ಡಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿ, ಪಾಪೆ ದೊಡ್ಡದಾಗುವ ತನಕ ಕೂರಿ ಎಂದರು. ಅವಳ ಪಕ್ಕ ಕೂತು ಗೋಡೆಯ ಬೋರ್ಡುಗಳನ್ನು ನೋಡುತ್ತಿದ್ದೆ. ಮೇಡಂ ಫೋನ್ ಬಂತು. ಗಲಾಟೆಯಲ್ಲಿ ಕೇಳಿಸದೆ ಮೆಟ್ಟಿಲ ಹತ್ತಿರ ಹೋದೆ.

“ಸೋಮವಾರ ಕ್ಲೈಂಟ್ ಬರ್ತಾರಮ್ಮ. ಒಂದು ಐಡಿಯಾನಾದ್ರೂ ತೋರಿಸ್ಬೇಕಲ್ವಾ?”

“ತೋರಿಸ್ತೀನಿ ಮೇಡಂ, ಆಲ್ಮೋಸ್ಟ್ ಆಗಿದೆ” ಎಂದೆ. ಏನೂ ಆಗಿರಲಿಲ್ಲ.

ವಾಪಸು ಬಂದರೆ ಕುರ್ಚಿ ಖಾಲಿ. ದೊಡ್ಡಮ್ಮನ ಬ್ಯಾಗು ಮಾತ್ರ ಅಲ್ಲಿತ್ತು.

ಟಾಯ್ಲೆಟ್ಟಿನಲ್ಲಿ ನೋಡಿದೆ, ಔಷಧಿ ಅಂಗಡಿಯ ಸಾಲಿನಲ್ಲಿ ನೋಡಿದೆ. “ಹೆಸರು ಕರೆದ್ವಲ್ಲ, ಎದ್ದು ಹೋದ್ರು” ಎಂದರು ನರ್ಸ್. ಯಾವ ಕಡೆ ಎಂದು ಅವರಿಗೂ ಗೊತ್ತಿರಲಿಲ್ಲ. ಲಿಫ್ಟ್ ಹತ್ತಿ ಕೆಳಗೆ ಇಳಿದಿದ್ದರೆ? ಬಾಗಿಲು ದಾಟಿದರೆ ಸರ್ವೀಸ್ ರೋಡು, ಅಲ್ಲಿ ಬಸ್ಸುಗಳು ಒಂದರ ಹಿಂದೊಂದು ನುಗ್ಗುತ್ತವೆ. ಕೆಳಗೋಡಿ ಸೆಕ್ಯೂರಿಟಿಯವರನ್ನು ಕೇಳಿದೆ, ಮತ್ತೆ ಮೇಲೋಡಿದೆ. ಅಮ್ಮನಿಗೆ ಏನೆಂದು ಹೇಳುವುದು ಎಂದು ಯೋಚಿಸುತ್ತಲೇ ಒಂದೊಂದೇ ಬಾಗಿಲು ತೆರೆದು ನೋಡಿದೆ.

ದೊಡ್ಡಮ್ಮ ಅದೇ ಮಹಡಿಯಲ್ಲಿ ಇದ್ದಳು. ಉದ್ದನೆಯ ಪಡಸಾಲೆಯ ಕೊನೆಯಲ್ಲಿ, ಬೀಗ ಹಾಕಿದ ಬಾಗಿಲ ಪಕ್ಕ, ಹಿಡಿದು ನಡೆಯಲೆಂದು ಗೋಡೆಯುದ್ದಕ್ಕೂ ಹಾಕಿದ್ದ ಸ್ಟೀಲ್ ಕಂಬಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

“ದೊಡ್ಡಮ್ಮಾ! ಇಲ್ಯಾಕ್ ಬಂದೆ?”

“ಎಸ್ರು ಕರುದ್ರು, ಎದ್ದೆ. ಬೋರ್ಡೆಲ್ಲಾ ಮಂಜು ಮುಸ್ಕಿದಂಗೆ ಕಾಣ್ತಾವೆ ಕಣೇ. ಈ ಕಂಬಿ ಕೈಗ್ ಸಿಕ್ತು, ಇಡ್ಕೊಂಡ್ ಬಂದೆ. ಇಲ್ಲಿಗ್ ಬಂದು ಮುಗ್ದೋಯ್ತು. ಇನ್ನೆಲ್ಲಿಗ್ ಓಗ್ಲಿ, ನಿಂತ್ಕಂಡೆ.”

“ಭಯ ಆಯ್ತಾ?”

“ನಂಗ್ಯಾತರ ಬಯ?” ಎಂದಳು. ಅವಳ ಅಂಗೈ ಮಾತ್ರ ಬೆವರಿ ತಣ್ಣಗಾಗಿತ್ತು.

ಡಾಕ್ಟರಿಗೆ ತೋರಿಸಿ, ಆಟೋದಲ್ಲಿ ಗಂಗಾನಗರದ ನಮ್ಮ ಮನೆಗೆ ಬರುವಾಗ ಅವಳ ಕೈ ಬಿಡದೆ ಹಿಡಿದುಕೊಂಡಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ತಲೆಗೆ ಬಂತು: ಕಣ್ಣು ಮಂಜಾದವರು ಬರುವ ಜಾಗಕ್ಕೆ ನಾನು ಕಣ್ಣಿಗೆ ಕಾಣುವ ಬಾಣಗಳನ್ನಷ್ಟೇ ಬರೆಯುತ್ತ ಕೂತಿದ್ದೇನೆ. ಅವರ ಕೈಗೆ ಸಿಗುವುದು ಆ ಕಂಬಿ. ಅದೇ ದಾರಿ ಹೇಳಿದರೆ?

ಖುಷಿಯಾಗಬೇಕಿತ್ತು. ಆದದ್ದು ಹೊಸ ಭಯ. ಯಾರಿಗಾದರೂ ಹೇಳಿದರೆ ಐಡಿಯಾವನ್ನು ಒಂದೇ ಮಾತಿನಲ್ಲಿ ಕೊಂದುಹಾಕುತ್ತಾರೆ ಅನ್ನಿಸಿ, ಅಮ್ಮನಿಗೂ ಹೇಳಲಿಲ್ಲ. ಆದರೆ ಪರೀಕ್ಷೆ ಮಾಡದೆ ಇಟ್ಟುಕೊಂಡರೆ ನಾನೇ ಅನುಮಾನದಿಂದ ಅದನ್ನು ಮುಗಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಹಾಲ್‌ನಿಂದ ಅಡುಗೆಮನೆ ತನಕ ಬಟ್ಟೆ ಒಣಗಿಸುವ ಹಗ್ಗ ಬಿಗಿದು, ಚಪಾತಿ ಹಿಟ್ಟಿನಿಂದ ಬೇರೆ ಬೇರೆ ಆಕಾರ ಮಾಡಿ ಅಲ್ಲಲ್ಲಿ ಅಂಟಿಸಿದೆ. ಉಂಡೆಯಾದರೆ ಡಾಕ್ಟರು, ಬಿಲ್ಲೆಯಾದರೆ ಔಷಧಿ, ಹೀಗೆ. ದೊಡ್ಡಮ್ಮನ ಕಣ್ಣಿಗೆ ಟವಲ್ ಕಟ್ಟಿದೆ.

“ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆ ಆಡುಸ್ತೀಯಲ್ಲೇ” ಎಂದು ನಗುತ್ತ ಹೊರಟವಳು ಮೂರನೆಯ ಆಕಾರಕ್ಕೇ ಗೊಂದಲಕ್ಕೆ ಬಿದ್ದಳು. “ಯಾವ್ದು ಯಾವ್ದೋ ಗೊತ್ತಾಗಕಿಲ್ಲ ಓಗು. ಎಲ್ಲಾ ಇಟ್ಟೇ.”

ನನ್ನ ಮುಖ ಬಾಡಿತು. ಟವಲ್ ನನ್ನ ಕಣ್ಣಿಗೇ ಕಟ್ಟಿಕೊಂಡು ನಡೆದೆ. ಅವಳು ಹೇಳಿದ್ದು ನಿಜ. ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತಿದ್ದದ್ದು ಎರಡೇ, ಹಿಟ್ಟಿನ ನುಣುಪು ಮತ್ತು ಹಗ್ಗದ ಒರಟು. ಉಳಿದದ್ದನ್ನೆಲ್ಲ ಕಿತ್ತೆಸೆದೆ. ಕಂಬಿ ನುಣುಪಾಗಿದ್ದರೆ ನಡೆಯುತ್ತಿರು, ಒರಟಾದರೆ ಇಲ್ಲೊಂದು ಬಾಗಿಲಿದೆ, ನಿಲ್ಲು. ಬಾಗಿಲ ಪಕ್ಕ ಒಂದು ದೊಡ್ಡ ಅಂಕಿ, ಮುಟ್ಟಿದರೆ ತಿಳಿಯುವಷ್ಟು ಉಬ್ಬಾಗಿ. ಐಡಿಯಾ ಚಿಕ್ಕದಾಗುತ್ತ ಹೋದ ಹಾಗೆ ನನಗೆ ಉಸಿರು ಬಂತು.

ಸೋಮವಾರ ಮೀಟಿಂಗಿಗೆ ನುಣುಪು ಮಾಡಿದ ಒಂದು ಮರದ ಕೋಲು ಒಯ್ದಿದ್ದೆ, ನಡುವೆ ಗೀರು ಹಾಕಿಸಿದ್ದೆ. ಬೋರ್ಡಿನ ಚಿತ್ರಗಳ ಬದಲು ಕೋಲು ಕಂಡು ಮೇಡಂ ಹುಬ್ಬೇರಿಸಿದರು. ಕಣ್ಣು ಮುಚ್ಚಿ ಹಿಡಿಯಿರಿ ಎಂದು ಅವರ ಕೈಗೆ ಕೊಟ್ಟೆ. ಅವರ ಬೆರಳು ಗೀರಿನ ಮೇಲೆ ನಿಂತಿತು. ಕೋಲನ್ನು ಆಸ್ಪತ್ರೆಯ ಕಡೆಯಿಂದ ಬಂದಿದ್ದ ಎಂಜಿನಿಯರ್ ಕೈಗೆ ದಾಟಿಸಿದರು.

“ಗೀರಲ್ಲಿ ಕೊಳೆ ಕೂರುತ್ತಲ್ರೀ. ಕ್ಲೀನ್ ಮಾಡೋದು ಹೆಂಗೆ?” ಎಂದರು ಅವರು.

ಎಲ್ಲ ಮುಗಿಯಿತು ಅಂದುಕೊಂಡೆ. “ಗೀರಿನ ಬದ್ಲು ಕಂಬಿ ಸುತ್ತ ದೂರದೂರ ಉಬ್ಬು ಉಂಗುರ ಕೊಟ್ರೆ ಒರೆಸ್ಬಹುದು” ಎಂದರು ಮೇಡಂ. ಎಂಜಿನಿಯರ್ ಹೌದೆಂದು ತಲೆಯಾಡಿಸಿದರು. ಕೊನೆಗೆ ನೆಲಮಹಡಿಗೆ ಮಾತ್ರ ಒಪ್ಪಿದರು. ಮೇಲಿನ ಮಹಡಿಗಳಿಗೆ ಎಲ್ಲ ಕಡೆ ಇರುವಂಥ ಬೋರ್ಡುಗಳನ್ನೇ ಮಾಡಿಕೊಟ್ಟೆ.

ಯಲಹಂಕದ ಆಸ್ಪತ್ರೆ ಶುರುವಾದ ವಾರ ಹೋಗಿ ನೆಲಮಹಡಿಯ ಬೆಂಚಿನ ಮೇಲೆ ಕೂತೆ. ಹೆಚ್ಚಿನವರು ಕಂಬಿ ಮುಟ್ಟಲೇ ಇಲ್ಲ, ಪಕ್ಕದವರನ್ನು ಕೇಳಿಕೊಂಡು ಹೋದರು. ಯಾರೋ ಅದಕ್ಕೆ ಒದ್ದೆ ಛತ್ರಿ ತೂಗುಹಾಕಿದ್ದರು. ಎದ್ದು ಹೊರಡಬೇಕು ಅನ್ನುವಾಗ, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡಿದ್ದ ಒಬ್ಬ ಹೆಂಗಸು ಗೋಡೆಯ ಪಕ್ಕ ನಿಧಾನಕ್ಕೆ ಬಂದರು. ಕೈ ಕಂಬಿಯ ಮೇಲೆ ಜಾರುತ್ತಿತ್ತು. ಉಂಗುರಗಳ ಹತ್ತಿರ ನಿಂತಿತು. ಇನ್ನೊಂದು ಕೈ ಚಾಚಿ ಬಾಗಿಲು ತಡವಿ, ಒಳಗೆ ಹೋದರು. ಅದೇ ಹೊತ್ತಿಗೆ ಒಳಗಿನಿಂದ ಯಾರೋ ಹೆಸರು ಕರೆದ ಹಾಗೂ ಕೇಳಿಸಿತ್ತು. ಕೈಗೆ ತಿಳಿದು ನಿಂತರೋ, ಕಿವಿಗೆ ಬಿದ್ದು ನಿಂತರೋ! ಅವರು ಹೊರಗೆ ಬಂದಾಗ ಕೇಳೋಣ ಎಂದು ಎದ್ದು ನಿಂತೆ. ಕೇಳುವ ಧೈರ್ಯ ಬರಲಿಲ್ಲ.