ಬರ್ನೀಸಳ ಹೆಬ್ಬೆರಳು

ಮಿಲ್ವಾಕಿ ನಗರದ ದಕ್ಷಿಣ ಭಾಗದಲ್ಲಿ ಫ್ಲೋರಿಯನ್ ಮರೂಶಾಕ್ ಎಂದರೆ ಪಾದ್ರಿಯಿಂದ ಹಿಡಿದು ಬಸ್ ಡ್ರೈವರನವರೆಗೆ ಎಲ್ಲರಿಗೂ ಗೊತ್ತು. ಬೌಲಿಂಗ್ ಚೆಂಡಿಗೆ ಬೆರಳಿನ ತೂತು ಕೊರೆಯುವುದು ಅವನ ಕಸುಬು. ಇದೇನು ಮಹಾ ವಿದ್ಯೆ, ಡ್ರಿಲ್ ಇಟ್ಟು ಒತ್ತಿದರೆ ಮುಗಿಯಿತಲ್ಲ ಎಂದು ಮೂಗು ಮುರಿಯುವವರು ಒಂದು ಸಲ ಯಾರದೋ ಅಳತೆಯ ಚೆಂಡು ಎತ್ತಿಕೊಂಡು ಹಲಗೆ ಹಾಸಿನ ಆ ತುದಿಯಲ್ಲಿ ನಿಲ್ಲಿಸಿದ ಹತ್ತು ಮರದ ಪಿನ್ನುಗಳನ್ನು ಕೆಡವಲು ಉರುಳಿಸಿ ನೋಡಲಿ. ಹದಿನಾಲ್ಕು ಪೌಂಡಿನ ಗುಂಡು ಅದು. ಹೆಬ್ಬೆರಳು ಮೊದಲು ಜಾರಬೇಕು, ನಡುಬೆರಳು, ಉಂಗುರಬೆರಳು ಆಮೇಲೆ. ಹೆಬ್ಬೆರಳು ಕಣ್ಣು ಮಿಟುಕಿಸುವಷ್ಟು ತಡ ಮಾಡಿತೋ, ಚೆಂಡು ಕೈಗೆ ಸಿಕ್ಕಿಹಾಕಿಕೊಂಡು ಮೇಲಕ್ಕೆದ್ದು ದಢಾರನೆ ಬೀಳುತ್ತದೆ, ಮೊಣಕೈ ಉಳುಕುತ್ತದೆ, ಪಕ್ಕದಲ್ಲಿ ಆಡುವವರೆಲ್ಲ ತಿರುಗಿ ನೋಡುತ್ತಾರೆ.

ಫ್ಲೋರಿಯನ್‌ಗೆ ಆಗ ಎಪ್ಪತ್ತು. ಹರೆಯದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿದ್ದವನು ಅಲ್ಲಿಯ ನಾತ ತಡೆಯಲಾರದೆ ಬೌಲಿಂಗ್ ಮನೆಯ ಮೂಲೆಯಲ್ಲಿದ್ದ ಈ ಪುಟ್ಟ ಅಂಗಡಿಗೆ ಬಂದು ಸೇರಿದ್ದ. ನಲವತ್ತೆರಡು ವರ್ಷ ಅಲ್ಲೇ ಕಳೆಯಿತು. ಬಂದ ಪ್ರತಿಯೊಂದು ಕೈಗೂ ಒಂದೊಂದು ಚೀಟಿ ಮಾಡಿಟ್ಟಿದ್ದ. ಹೆಬ್ಬೆರಳಿನ ದಪ್ಪ ಎಷ್ಟು, ತೂತು ಎತ್ತ ಓರೆಯಾಗಬೇಕು, ಯಾರ ಬೆರಳು ಚಳಿಗೆ ಸೊರಗುತ್ತದೆ, ಯಾರದು ಎರಡು ಬಿಯರ್ ಆದಮೇಲೆ ಊದುತ್ತದೆ, ಎಲ್ಲ ಅದರಲ್ಲಿ. ಅವನು ಕೊರೆದ ಚೆಂಡು ಮತ್ತೆ ರಿಪೇರಿಗೆ ಬಂದದ್ದೇ ಅಪರೂಪ.

ಅಂಥವನ ತಲೆಯನ್ನು ಆ ಮಾರ್ಚ್ ತಿಂಗಳಲ್ಲಿ ಪೂರ್ತಿ ಕೆಡಿಸಿದ್ದು ಬೇರೆ ಯಾರೂ ಅಲ್ಲ, ಮನೆಯಲ್ಲಿದ್ದ ಹೆಂಡತಿ ಬರ್ನೀಸ್.

ಬರ್ನೀಸ್ ಗುರುವಾರ ಬೆಳಗಿನ ಹೆಂಗಸರ ತಂಡದಲ್ಲಿ ಮೂವತ್ತೊಂದು ವರ್ಷದಿಂದ ಕೊನೆಯ ಆಟಗಾರ್ತಿ. ಕೊನೆಯ ಆಟ ಎಂದರೆ ಸುಮ್ಮನೆ ಅಲ್ಲ. ತಂಡ ಗೆಲ್ಲುವುದೂ ಸೋಲುವುದೂ ಆ ಕೈಯಲ್ಲಿ. ಚಳಿಗಾಲ ಕಳೆಯುವುದರೊಳಗೆ ಅವಳ ಚೆಂಡು ಕೈಯಿಂದ ಜಾರುವುದನ್ನೇ ಮರೆತಿತ್ತು. ದಢಾರ್, ದಢಾರ್! ತಂಡದ ನಾಯಕಿ ಎಲ್ವೀರಾ ಮೂರು ವಾರ ಸುಮ್ಮನಿದ್ದಳು, ನಾಲ್ಕನೇ ವಾರ ಬಾಯಿ ಬಿಟ್ಟಳು. "ಊರಿನ ಪಂದ್ಯ ಹತ್ತಿರ ಬಂತು ಬರ್ನೀಸ್. ಮುಂದಿನ ಗುರುವಾರವೂ ಹೀಗೇ ಆದ್ರೆ ನಿನ್ನ ಜಾಗಕ್ಕೆ ನನ್ನ ಸೊಸೆ. ಬೇಜಾರು ಮಾಡ್ಕೋಬೇಡಮ್ಮ."

ಬರ್ನೀಸ್ ಬೇಜಾರು ಮಾಡಿಕೊಳ್ಳಲಿಲ್ಲ. ನೆಟ್ಟಗೆ ಗಂಡನ ಅಂಗಡಿಗೆ ಬಂದು ಚೆಂಡನ್ನು ಮೇಜಿನ ಮೇಲೆ ಕುಕ್ಕಿದಳು.

"ಊರವರಿಗೆಲ್ಲ ಬೆಣ್ಣೆ ಹಾಗೆ ಕೊರೀತೀಯ. ಹೆಂಡ್ತಿ ಅಂದ್ರೆ ಸಾಕು, ನಿನಗೆ ಕೈ ಬರಲ್ಲ!"

"ಆ ಮಂಗಳವಾರ ಎಷ್ಟು ಪೊಂಚ್ಕಿ ತಿಂದೆ ಹೇಳು," ಎಂದ ಫ್ಲೋರಿಯನ್. ಈಸ್ಟರ್ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ ಅವರ ಜನ ಡಬ್ಬಗಟ್ಟಲೆ ತಿನ್ನುವ, ಕರಿದು ಸಕ್ಕರೆ ಹಚ್ಚಿದ ಉಂಡೆ ಅದು. "ಬೆರಳು ಊದಿದೆ, ಮತ್ತೇನಿಲ್ಲ."

"ಒಂದೂವರೆ."

"ಒಂದೂವರೆ ಡಜನ್ನಾ?"

"ಕೈ ಅಳೀತೀಯೋ, ಹೊಟ್ಟೆ ಅಳೀತೀಯೋ?"

ಅವನು ಕೈಯನ್ನೇ ಅಳೆದ. ಚೀಟಿಯಲ್ಲಿದ್ದದ್ದಕ್ಕೂ ಈಗಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಆದರೂ ಹಳೆಯ ತೂತಿಗೆ ರಾಳ ಹುಯ್ದು ಗಟ್ಟಿಯಾಗಿಸಿ, ಒಂದು ಗೆರೆ ದೊಡ್ಡದಾಗಿ ಮತ್ತೆ ಕೊರೆದ. ಬೆರಳು ಹಾಕಿ ನೋಡಿ ಬರ್ನೀಸ್ "ಬಿಗಿ" ಎಂದಳು. ಇನ್ನೊಂದು ಗೆರೆ ದೊಡ್ಡದು ಮಾಡಿದ. ಮರುದಿನ "ಸಡಿಲ" ಎಂದಳು. ಸರಿ, ತೂತನ್ನು ಮತ್ತೆ ತುಂಬಿದ, ಓರೆ ಬದಲಿಸಿದ. ಅದಕ್ಕೆ "ಏನೋ ಒಂಥರಾ" ಎಂದಳು. ಏನೋ ಒಂಥರಾ ಎನ್ನುವುದಕ್ಕೆ ಡ್ರಿಲ್ಲಿನಲ್ಲಿ ಯಾವ ಅಳತೆ ಇದೆಯಪ್ಪಾ! ಫ್ಲೋರಿಯನ್‌ಗೆ ತಲೆ ಚಿಟ್ಟು ಹಿಡಿಯಿತು.

ಅವನಿಗೆ ಅರ್ಥವಾಗದೆ ಉಳಿದದ್ದು ಒಂದೇ. ತೂತು ಸಡಿಲವಾದರೆ ಚೆಂಡು ಬಿದ್ದೀತೆಂದು ಕೈ ತಾನಾಗಿ ಹಿಂಡಿ ಹಿಡಿಯುತ್ತದೆ, ಹಿಂಡಿದರೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ. ಇದು ಅವನಿಗೆ ಮೊದಲ ವರ್ಷದಿಂದಲೇ ಗೊತ್ತು. ಆದರೆ ಬರ್ನೀಸ್ ಬಿಗಿಯಾದ ತೂತಿನಲ್ಲೂ ಹಿಂಡುತ್ತಿದ್ದಳು. ಆಟ ಮುಗಿದಮೇಲೆ ಅವಳ ಹೆಬ್ಬೆರಳಿನ ಗೆಣ್ಣು ಸುಲಿದು ಕೆಂಪಾಗಿರುತ್ತಿತ್ತು. "ಉರಿಯಲ್ವೇನೇ?" ಎಂದು ಕೇಳಿದರೆ "ನಾನೇನು ಎಳೇ ಮಗುವಾ?" ಎನ್ನುತ್ತಿದ್ದಳು. ನನ್ನ ಅಳತೆಯೇ ತಪ್ಪುತ್ತಿದೆಯೋ, ಕಣ್ಣು ಮಂದವಾಯಿತೋ, ಅಂಗಡಿ ಮುಚ್ಚುವ ವಯಸ್ಸು ಬಂತೋ ಎಂದು ಅವನು ಗುಟ್ಟಾಗಿ ಬೇರೆಯವರ ನಾಲ್ಕು ಕೈಗಳನ್ನು ಎರಡೆರಡು ಸಲ ಅಳೆದು ನೋಡಿದ. ಎಲ್ಲವೂ ಸರಿಯಾಗಿಯೇ ಬಂತು. ಅದರಿಂದ ಸಮಾಧಾನವೇನೂ ಆಗಲಿಲ್ಲ, ಗೊಂದಲ ಇನ್ನಷ್ಟು ಹೆಚ್ಚಿತು.

ಬುಧವಾರದ ಹೊತ್ತಿಗೆ ಅವನಿಗೆ ರೇಗಿಹೋಗಿತ್ತು. ಇವಳು ಬೇಕಂತಲೇ ಸತಾಯಿಸುತ್ತಿದ್ದಾಳೆ, ಆಟ ಕೆಟ್ಟದ್ದಕ್ಕೆ ನನ್ನ ತಲೆ ಮೇಲೆ ಗೂಬೆ ಕೂರಿಸುತ್ತಿದ್ದಾಳೆ ಎನ್ನಿಸಿತು. ಕಪಾಟಿನಲ್ಲಿ ಒಬ್ಬ ಬಸ್ ಡ್ರೈವರನ ಚೆಂಡು ಇತ್ತು. ಬರ್ನೀಸಳ ಚೆಂಡಿನಷ್ಟೇ ತೂಕ, ಅದೇ ನೀಲಿ. ಡ್ರೈವರನ ಹೆಬ್ಬೆರಳೋ, ಒಳ್ಳೆ ಮೂಲಂಗಿ. ಆ ತೂತಿನಲ್ಲಿ ಬರ್ನೀಸಳ ಎರಡು ಬೆರಳು ಹಿಡಿಸಿಯಾವು. ಫ್ಲೋರಿಯನ್ ಅದನ್ನೇ ಅವಳ ಚೀಲಕ್ಕೆ ತುರುಕಿ ಜಿಪ್ ಎಳೆದ. ಬೆರಳು ಹಾಕಿದ ಕೂಡಲೇ ಕಿರುಚುತ್ತಾಳೆ, ಆಗ ಅವಳ ಸ್ವಂತ ಚೆಂಡನ್ನು ಕೈಗೆ ಕೊಟ್ಟು "ಈಗ ಹೇಳು ಮಹಾರಾಣಿ, ಯಾವುದು ಸರಿ?" ಎಂದು ಕೇಳಬೇಕು ಅಂತ ಅವನ ಯೋಚನೆ.

ಗುರುವಾರ ಬೆಳಿಗ್ಗೆ ಆಟಕ್ಕೆ ಮುಂಚೆ ಬರ್ನೀಸ್ ಅಂಗಡಿಗೆ ಬಂದಳು. ಫ್ಲೋರಿಯನ್ ಚೀಲ ಮುಂದಕ್ಕೆ ತಳ್ಳಿ, ಬರುತ್ತಿದ್ದ ನಗು ತಡೆಯಲಾರದೆ ಎರಡೂ ಕೈ ಕಟ್ಟಿ ನಿಂತ. ಅವಳು ಚೆಂಡಿಗೆ ಬೆರಳು ಹಾಕಿದಳು. ಅವನ ಕಡೆ ಒಮ್ಮೆ ನೋಡಿದಳು.

"ಹಾಂ! ಈಗ ಸರಿಯಾಯ್ತು ನೋಡು. ಇಷ್ಟು ದಿನ ಈ ಕೈಚಳಕ ಎಲ್ಲಿ ಬಚ್ಚಿಟ್ಟಿದ್ಯೋ ಮಾರಾಯ?"

ಫ್ಲೋರಿಯನ್ ತಬ್ಬಿಬ್ಬಾದ. ತನ್ನ ತಮಾಷೆಯನ್ನು ತಿರುಗಿಸಿ ತನಗೇ ಹೊಡೆಯುತ್ತಿದ್ದಾಳಾ? ಅದರಲ್ಲಿ ಇವಳು ಎತ್ತಿದ ಕೈ. ಒಂದು ಗಳಿಗೆ ಅವಳೂ ನಕ್ಕಾಳೆಂದು ಕಾದ. ಅವಳು ನಗಲಿಲ್ಲ. ಚೆಂಡನ್ನು ಎದೆಗೆ ಒತ್ತಿಕೊಂಡು ಹೊರಟೇಬಿಟ್ಟಳು, ಅವನು ಹಿಂದೆಯೇ ಓಡಿದ. "ಬರ್ನೀಸ್, ತಡಿ!" ಅಷ್ಟರಲ್ಲಿ ಅವಳು ನಾಲ್ಕು ಹೆಜ್ಜೆ ಹಾಕಿ ಕೈ ಹಿಂದಕ್ಕೆ ಬೀಸಿಯಾಗಿತ್ತು. ಚೆಂಡು ಹಿಂದೆಯೇ ಕಳಚಿ ಬಿದ್ದು ಕುರ್ಚಿಗಳ ಕಡೆಗೆ ಉರುಳಿತು, ಎಲ್ವೀರಾ ಕಾಲೆತ್ತಿಕೊಂಡಳು. ಬರ್ನೀಸ್ ಮಾತ್ರ ಬರಿಗೈಯನ್ನು ಮುಂದಕ್ಕೆ ಬೀಸಿ ಪಿನ್ನುಗಳನ್ನೇ ನೋಡುತ್ತ ನಿಂತಿದ್ದಳು. ಚೆಂಡು ಕೈಯಲ್ಲಿಲ್ಲ ಎನ್ನುವುದು ಅವಳಿಗೆ ಗೊತ್ತಾದದ್ದು ಎಲ್ಲರೂ ಕೂಗಿದ ಮೇಲೆ.

ಯಾರೂ ನಗಲಿಲ್ಲ. ಫ್ಲೋರಿಯನ್ ಅವಳ ರಟ್ಟೆ ಹಿಡಿದು ಅಂಗಡಿಯೊಳಕ್ಕೆ ಕರೆತಂದು ಬಾಗಿಲು ಹಾಕಿದ.

"ಕಣ್ಣು ಮುಚ್ಚು."

"ಯಾಕೆ?"

"ಮುಚ್ಚು ಅಂದ್ನಲ್ಲ."

ಅವನು ಒರಟು ಉಪ್ಪುಕಾಗದದ ಚೂರೊಂದನ್ನು ಅವಳ ಹೆಬ್ಬೆರಳಿನ ಕೆಳಗಿಟ್ಟ. ಆಮೇಲೆ ಅದನ್ನು ತೆಗೆದು ಮೆತ್ತನೆಯ ಬಟ್ಟೆ ಇಟ್ಟ.

"ಯಾವುದು ಒರಟು? ಮೊದಲನೇದಾ, ಎರಡನೇದಾ?"

ಬರ್ನೀಸ್ ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳನ್ನು ಅತ್ತಿತ್ತ ಉಜ್ಜಿ ನೋಡಿದಳು. "ಎರಡನೇದು," ಎಂದಳು.

ಅವನು ಬಟ್ಟೆಯನ್ನು ಮೇಜಿನ ಮೇಲಿಟ್ಟ. "ಯಾವಾಗಿಂದ ಹೀಗೆ?"

"ಕ್ರಿಸ್ಮಸ್ ಹಿಂದೆಮುಂದೆ. ಮೊದಲು ತುದಿ ಮಾತ್ರ ಜುಮ್ ಅಂತಿತ್ತು. ಈಗ ಐದೂ ಬೆರಳು ಇವೆಯೋ ಇಲ್ಲವೋ ಅಂತಲೇ ಗೊತ್ತಾಗಲ್ಲ." ಅವಳು ಕಣ್ಣು ತೆರೆದಳು. "ಅಮ್ಮನಿಗೂ ಹೀಗೇ ಶುರುವಾಗಿದ್ದು. ಸಕ್ಕರೆ ಕಾಯಿಲೆ. ಡಾಕ್ಟರ್ ಹತ್ರ ಹೋದ್ರೆ ಹೆಸರು ಹೇಳಿಬಿಡ್ತಾರೆ. ಹೆಸರು ಬಂದ್ರೆ ಎಲ್ವೀರಾ ಒಂದು ದಿನಾನೂ ಇಟ್ಕೊಳ್ಳಲ್ಲ. ನೀನು ಕೊರೀತಾ ಹೋದ್ರೆ ಎಲ್ಲೋ ಒಂದು ಅಳತೆಯಲ್ಲಿ ನನಗೆ ಮತ್ತೆ ಗೊತ್ತಾಗುತ್ತೇನೋ ಅಂತ ಆಸೆ."

"ಮತ್ತೆ ಬಿಗಿ, ಸಡಿಲ, ಏನೋ ಒಂಥರಾ ಅಂತಿದ್ಯಲ್ಲ? ಈಗ ಸರಿಯಾಯ್ತು ಅಂದ್ಯಲ್ಲ? ಅದು ಆ ಬಸ್ ಡ್ರೈವರನ ಚೆಂಡು ಕಣೇ! ತಮಾಷೆಗೆ ಇಟ್ಟಿದ್ದೆ."

ಬರ್ನೀಸ್ ಬೈಯುತ್ತಾಳೆಂದುಕೊಂಡ. ಅವಳು ಸುಲಿದ ಗೆಣ್ಣನ್ನು ಇನ್ನೊಂದು ಕೈಯಲ್ಲಿ ಸವರುತ್ತ ಕೂತಳು.

"ನಿನ್ನ ಮುಖ ನೋಡಿ ಹೇಳ್ತಿದ್ದೆ," ಎಂದಳು. "ಪ್ರತಿ ಸಲಾನೂ. ನೀನು ಹುಬ್ಬು ಗಂಟು ಹಾಕಿದ್ರೆ ಬಿಗಿ ಅಂತಿದ್ದೆ. ತಲೆ ಕೆರ್ಕೊಂಡ್ರೆ ಸಡಿಲ. ಇವತ್ತು ನೀನು ನಗ್ತಾ ನಿಂತಿದ್ದೆ. ಸರಿಯಾಗಿದೆ ಅಂದ್ಕೊಂಡೆ."

ಹೊರಗೆ ಯಾರದೋ ಚೆಂಡು ಪಿನ್ನುಗಳನ್ನು ಕೆಡವಿತು, ಹೆಂಗಸರು ಚಪ್ಪಾಳೆ ತಟ್ಟಿದರು. ಎಲ್ವೀರಾ ತನ್ನ ಸೊಸೆಯ ಹೆಸರು ಕೂಗಿದಳು. ಫ್ಲೋರಿಯನ್‌ಗೆ ಕಣ್ಣಲ್ಲಿ ನೀರು ಬಂತು, ಗೋಡೆಯ ಕಡೆ ತಿರುಗಿದ.

"ಆ ಕಡೆ ತಿರುಗಬೇಡ್ವೋ," ಎಂದಳು ಬರ್ನೀಸ್. "ನನಗೆ ಏನೂ ಗೊತ್ತಾಗಲ್ಲ."