ಹುಳ ತಿನ್ನದ ಮೀನು

ಲಕ್ವಾ ಹೊಡೆದ ಮೇಲೆ ಅವ್ವನನ್ನು ಕಮಲಾಪುರದಿಂದ ಕಲಬುರಗಿಗೆ, ಗಾಜಿಪುರದ ನಮ್ಮ ಮನೆಗೆ ಕರೆತಂದೆ. ಮಲಗಿದಲ್ಲೇ ದಿನವಿಡೀ ಗೋಡೆ ನೋಡುತ್ತಿದ್ದಳು. ಕಣ್ಣೆದುರು ಏನಾದರೂ ಓಡಾಡಲಿ ಎಂದು ಮಂಚದ ಪಕ್ಕ ಸಣ್ಣ ಅಕ್ವೇರಿಯಂ ಇಟ್ಟು, ಮೀನು ತರಲು ರೋಜಾ ಬಡಾವಣೆಯ ಅಂಗಡಿಗೆ ಹೋದೆ. ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಅವ್ವನಿಗೆ ಕೆಂಪು, ಹಳದಿ ಮೀನು ತೋರಿಸಿದೆ.

“ಏನ್ ತಿಂತಾವ?” ಅಂದಳು ಅವ್ವ.

“ಒಣಗಿದ ಹುಳ ಹಾಕ್ಬೇಕ್ರಿ,” ಅಂದ ಅಂಗಡಿಯವ.

“ಲಿಂಗಪೂಜಿ ಮಾಡೋ ಮನಿ ನಮ್ದು. ಬ್ಯಾಡ.”

ಸಿಟ್ಟು ಬಂತು, ನುಂಗಿಕೊಂಡೆ. ಕೊನೆಗೆ ಪಾಚಿ ತಿನ್ನುವ ಕರಿ ಮೀನೊಂದನ್ನು ತಂದು ಬಿಟ್ಟೆ. ಅದು ಗಾಜಿಗೆ ಬಾಯಿ ಅಂಟಿಸಿಕೊಂಡು ನಿಂತಿತು. ಸಂಜೆಯಾದರೂ ಕದಲಲಿಲ್ಲ.

ಅವ್ವ ಅದನ್ನೇ ನೋಡುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಮೆಲ್ಲಗೆ ಕೇಳಿದಳು: “ಇದಕ್ಕೂ ಲಕ್ವಾ ಹೊಡದದ ಏನಪಾ?”