ಹೊಳಿಯವ್ವ ಕಮಿಟಿಯ ಮುಂದೆ ಆಡಿದ ಮಾತು

ಹೊಳಿಯವ್ವ ಮೂಸಿ ನೋಡಿ ಹೂಂ ಅಂದ ಮೇಲೆಯೇ ಬ್ಯಾಡಗಿಯ ನಮ್ಮ ಓಣಿಯವರು ವರ್ಷದ ಮೆಣಸಿನಕಾಯಿ ಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ಪ್ರಭುಲಿಂಗಪ್ಪನವರ ಅಂಗಡಿಯಲ್ಲಿ ಕಾಯಿಯ ತೊಟ್ಟು ಮುರಿದವಳು ಆಕೆ. ಗಂಡ ಇರಲಿಲ್ಲ. ಒಬ್ಬನೇ ಮಗ ಅಜ್ಜಪ್ಪ, ಪಿಯುಸಿ ಎರಡನೇ ವರ್ಷ. ಅವನು ಸಾಲಿ ಮಾಸ್ತರನಾಗಬೇಕು ಎಂಬುದೊಂದೇ ಆಕೆಯ ಹಟ.

ಇದು ಎಂಬತ್ತೊಂಬತ್ತನೇ ಇಸವಿಯ ಮಾತು. ಕಾಲೇಜಿನಲ್ಲಿ ಯಾರೋ ಪುಣ್ಯಾತ್ಮರು ಫ್ಯಾನಿನ ರೆಕ್ಕೆಗಳ ಮೇಲೆ ಖಾರಪುಡಿ ಸುರಿದಿಟ್ಟಿದ್ದರು. ಗಣಿತದ ಸರ್ ಬಂದು ಸ್ವಿಚ್ ಒತ್ತಿದರು. ಇಡೀ ಕ್ಲಾಸು ಕೆಮ್ಮುತ್ತ ಹೊರಗೆ ಓಡಿತು, ಸರ್ ಅವರ ಕಣ್ಣು ತೊಳೆಸಲು ದವಾಖಾನೆಗೆ ಒಯ್ದರು. ಯಾರ ಕೆಲಸ ಎಂದು ಹುಡುಕುವಾಗ ಅಜ್ಜಪ್ಪನ ಚೀಲ ಝಾಡಿಸಿದರು. ಕೆಂಪು ಧೂಳು ಬಿತ್ತು. ಬೀಳದೆ ಏನು? ಅವನು ದಿನಾ ಬೆಳಿಗ್ಗೆ ಅವ್ವನ ಜೊತೆ ತೊಟ್ಟು ಮುರಿದೇ ಕಾಲೇಜಿಗೆ ಹೋಗುತ್ತಿದ್ದ.

ಪಾಲಕರ ಜೊತೆ ಶಿಸ್ತು ಕಮಿಟಿಯ ಮುಂದೆ ಹಾಜರಾಗು, ತಪ್ಪು ಸಾಬೀತಾದರೆ ಕಾಲೇಜಿನಿಂದ ಹೊರಗೆ ಎಂದು ನೋಟಿಸು ಬಂತು.

ಕೋಣೆಯ ನಡುವೆ ಪ್ರಿನ್ಸಿಪಾಲರು ಕುಳಿತಿದ್ದರು. ಒಂದು ಪಕ್ಕದಲ್ಲಿ ಬರೆದುಕೊಳ್ಳಲು ಗುಮಾಸ್ತ ಡಾಕಪ್ಪ. ಇನ್ನೊಂದು ಪಕ್ಕದಲ್ಲಿ ಆಡಳಿತ ಮಂಡಳಿಯ ಪರವಾಗಿ ಪ್ರಭುಲಿಂಗಪ್ಪನವರು, ಅಂದರೆ ಹೊಳಿಯವ್ವನ ಸಾಹುಕಾರರೇ. ಅವರ ಅಂಗಡಿಯಲ್ಲಿ ಒಂದು ರೂಢಿಯಿತ್ತು. ತಪ್ಪು ಯಾರದೇ ಇರಲಿ, ಸಾಹುಕಾರರು ಮುಖ ಗಂಟು ಹಾಕಿದರೆ ಮೊದಲು ತಪ್ಪಾಯಿತು ಅನ್ನಬೇಕು, ನ್ಯಾಯ ಆಮೇಲೆ. ಹಾಗೆ ಅನ್ನದ ಹೆಂಗಸಿಗೆ ಮರುದಿನ ಕೆಲಸವಿಲ್ಲ. ಹೊಳಿಯವ್ವ ಒಳಗೆ ಬರುತ್ತಲೇ ನೆಲಕ್ಕೆ ಹಣೆ ಹಚ್ಚಿದಳು.

“ತಪ್ಪಾತ್ರಿ ಸಾಹುಕಾರ್ರ. ಹೊಟ್ಯಾಗ ಹಾಕ್ಕೋರಿ.”

“ಬರಕೋ ಡಾಕಪ್ಪ,” ಎಂದರು ಪ್ರಿನ್ಸಿಪಾಲರು. “ಪಾಲಕರು ತಪ್ಪು ಒಪ್ಪಿಕೊಂಡ್ರು.”

ಅಜ್ಜಪ್ಪ ಬೆಚ್ಚಿದ. “ಯವ್ವಾ, ನಾ ಮಾಡಿಲ್ಲಬೇ. ಯಾಕ ಹಂಗಂದಿ?”

“ನೀ ಮಾಡೀದಿ ಅಂತ ಎಲ್ಲಿ ಅಂದ್ನೋ? ದೊಡ್ಡೋರ ಮುಂದ ಹಂಗ ಅನ್ನಬೇಕಾಗತೈತಿ.”

ಫ್ಯಾನಿನಿಂದ ಒರೆಸಿ ತೆಗೆದ ಪುಡಿಯ ಪೊಟ್ಟಣ ಮೇಜಿನ ಮೇಲಿತ್ತು. ಹೊಳಿಯವ್ವ ಯಾರನ್ನೂ ಕೇಳದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು.

“ಇದು ನಮ್ಮ ಕಾಯಿ ಅಲ್ರಿ, ಗುಂಟೂರ ಕಾಯಿ. ಬ್ಯಾಡಗಿ ಕಾಯಿ ಬಣ್ಣ ಕೊಡತೈತಿ, ಹಿಂಗ ಗಂಟಲಾ ಸುಡಂಗಿಲ್ಲ. ನಮ್ಮ ಅಂಗಡ್ಯಾಗ ಗುಂಟೂರ ಕಾಯಿ ಬಂದೇ ಇಲ್ಲ. ನನ ಮಗನ ಚೀಲಕ್ಕ ಎಲ್ಲಿಂದ ಬರಬೇಕ್ರಿ? ಸಾಹುಕಾರ್ರ, ನೀವಾರ ಹೇಳ್ರಿ.”

ಪ್ರಭುಲಿಂಗಪ್ಪನವರು ಪೊಟ್ಟಣ ಎತ್ತಿ ಮೂಸಿದರು. ಮೂವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದ ಮೂಗು ಅದು. ಮೆಲ್ಲಗೆ ಕೆಳಗಿಟ್ಟರು.

“ಖಾರಪುಡಿ ಅಂದ್ರ ಖಾರಪುಡಿ, ಹೊಳಿಯವ್ವ. ಒಪ್ಪಿಕೊಂಡ ಮ್ಯಾಲೆ ಮಾತು ತಿರುವಬ್ಯಾಡ.”

“ಹಂಗಾರ ನಾ ಅಂದದ್ದು ಹೊಡದು ಹಾಕ್ರಿ. ಡಾಕಪ್ಪಣ್ಣ, ಅದೊಂದು ಸಾಲು ಗೀಚಿ ಹಾಕಪಾ.”

“ಠರಾವು ಪುಸ್ತಕದಾಗ ಗೀಚಾಕ ಬರಂಗಿಲ್ಲಬೇ,” ಎಂದ ಡಾಕಪ್ಪ, ತಲೆ ಎತ್ತದೆ.

ಅಜ್ಜಪ್ಪ ಕಾಲೇಜಿನಿಂದ ಹೊರಗೆ ಎಂದು ತೀರ್ಮಾನವಾಯಿತು. ಆ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತದಿದ್ದರೆ ಟಿ.ಸಿ. ಇಲ್ಲ, ಟಿ.ಸಿ. ಇಲ್ಲದಿದ್ದರೆ ಬೇರೆ ಕಾಲೇಜಿಲ್ಲ ಎಂದರು ಪ್ರಿನ್ಸಿಪಾಲರು. ಆಕೆ ಒತ್ತಿದಳು. ಟಿ.ಸಿ.ಯಲ್ಲಿ ನಡತೆಯ ಎದುರು ‘ತೃಪ್ತಿಕರವಲ್ಲ’ ಎಂದು ಬರೆದಿದ್ದರು. ಆಕೆಗೆ ಓದಲು ಬರುತ್ತಿರಲಿಲ್ಲ. ಅಜ್ಜಪ್ಪ ಓದಿ ಹೇಳಲಿಲ್ಲ.

ಹಾವೇರಿಯ ಕಾಲೇಜಿನವರು ಹೇಳಿದರು. ಓದಿ, ಮಡಚಿ ವಾಪಸ್ ಕೊಟ್ಟರು. ರಾಣೆಬೆನ್ನೂರಿನಲ್ಲೂ ಅದೇ ಆಯಿತು. ಅಲ್ಲಿನ ಸಿಪಾಯಿ ಮಾತ್ರ ಕನಿಕರಪಟ್ಟು, “ದೊಡ್ಡ ಸಾಹೇಬ್ರು ಸೋಮವಾರ ಸಿಗ್ತಾರ, ಬಂದು ನೋಡಬೇ,” ಎಂದ.

ಸೋಮವಾರ ಹೊಳಿಯವ್ವ ಒಬ್ಬಳೇ ಹೋದಳು. ಬೆಳಿಗ್ಗೆ ಎಬ್ಬಿಸಲು ಹೋದಾಗ ಮಗನ ಹಾಸಿಗೆ ಖಾಲಿಯಿತ್ತು. ಲಾರಿಗೆ ಮಾಲು ತುಂಬುವ ಕೆಲಸ ಹಿಡಿದು ಅವನು ಕುಮಾರಪಟ್ಟಣಕ್ಕೆ ಹೋಗಿದ್ದ. ಆಕೆ ಸಾಹೇಬರ ಮೇಜಿನ ಮೇಲೆ ಎರಡು ಪುಡಿಕೆ ಬಿಚ್ಚಿಟ್ಟಳು, ಒಂದರಲ್ಲಿ ಬ್ಯಾಡಗಿ ಪುಡಿ, ಒಂದರಲ್ಲಿ ಪೇಟೆಯಿಂದ ಕೊಂಡು ತಂದ ಗುಂಟೂರಿನದು.

“ಎರಡೂ ಒಂದೊಂದು ಚಿಟಿಕಿ ನೆಕ್ಕಿ ನೋಡ್ರಿ ಸಾಹೇಬ್ರ. ಆಮ್ಯಾಲೆ ನನ ಮಗನ ಹೆಸರು ಬರೀರಿ.”

ಸಾಹೇಬರು ಪುಡಿಕೆ ಮುಟ್ಟದೆ, ಆಕೆಯನ್ನು ಹೊರಗೆ ಕಳಿಸಲು ಸಿಪಾಯಿಗೆ ಗಂಟೆ ಒತ್ತಿದರು.